ಏಳೂವರೆ ಗಂಟೆ ನಿದ್ದೆ

ನವೆಂಬರ್ 6, ಬೆಳಿಗ್ಗೆ 9.20
ಟೀ ಆರಿಹೋಯಿತು. ಮೇಲಿನವರ ನಿದ್ದೆ ಈಗಷ್ಟೇ ಡೌನ್‌ಲೋಡ್ ಆಗಿದೆ. ಅಂತರಿಕ್ಷ ನಿಲ್ದಾಣದಲ್ಲಿ ಇರುವುದು ಇಬ್ಬರೇ — ಪೈಲಟ್, ಡಾಕ್ಟರ್. ಮಲಗಿದ್ದು, ಹೊರಳಿದ್ದು, ಎದೆಬಡಿತ, ಎಲ್ಲವನ್ನೂ ಮಣಿಕಟ್ಟಿನ ಬ್ಯಾಂಡ್ ಕಳಿಸುತ್ತದೆ. ಓದುವುದು ನನ್ನ ಕೆಲಸ.
ಡಾಕ್ಟರ್: ಏಳು ಗಂಟೆ ಹತ್ತು ನಿಮಿಷ. ಪೈಲಟ್: ಮೂರು. ನಿನ್ನೆಯೂ ಮೂರೇ. ಹೀಗೇ ಆದರೆ 18ರಂದು ಅವರನ್ನು ಹೊರಗೆ ಬಿಡುವಂತಿಲ್ಲ. ನಿಲ್ದಾಣದ ಹೊರಮೈಯಲ್ಲಿ ಪಂಪ್ ಕೆಟ್ಟಿದೆ, ಬದಲಿಸಬೇಕು. ನಿದ್ದೆ ಸಾಕಷ್ಟಾಗಿದೆ ಎಂದು ನಾನು ಸಹಿ ಹಾಕದೆ ಬಾಗಿಲು ತೆರೆಯುವುದಿಲ್ಲ.

ನವೆಂಬರ್ 8
ಪೈಲಟ್: ಏಳೂವರೆ ಗಂಟೆ.
ವಿಭಾಗದ ಮುಖ್ಯಸ್ಥರಾದ ಸರ್ ನನ್ನ ಕುರ್ಚಿಯ ಹಿಂದೆ ನಿಂತು ನಕ್ಕರು. "ನೋಡಿದ್ರಾ, ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ."
ಮೊನ್ನೆಯವರೆಗೆ ಇದ್ದ ಚಿಂತೆ ಎಲ್ಲಿಗೆ ಹೋಯಿತು? ಕೇಳಲಿಲ್ಲ.

ನವೆಂಬರ್ 11, ಮಧ್ಯಾಹ್ನ
ಪೈಲಟ್ ಹೆಂಡತಿಯ ಫೋನ್. ಪ್ರತಿ ವಾರ ಅದೇ ಪ್ರಶ್ನೆ. "ಅಕ್ಕಾ, ಮಲಗ್ತಿದ್ದಾರಾ?"
ಏಳೂವರೆ ಗಂಟೆ ಎಂದೆ.
"ಮನೇಲಿ ಐದು ಗಂಟೆ ಮಲಗಿದ್ರೆ ಹೆಚ್ಚು. ಮದುವೆಯಾಗಿ ಒಂಬತ್ತು ವರ್ಷ ಆಯ್ತು, ಏಳೂವರೆ ನಾನಂತೂ ನೋಡಿಲ್ಲಪ್ಪ." ನಕ್ಕಳು. ನಾನೂ ನಕ್ಕೆ.
ಫೋನ್ ಇಟ್ಟ ಮೇಲೆ ಎರಡು ಗ್ರಾಫ್ ಒಂದರ ಮೇಲೊಂದು ಇಟ್ಟು ನೋಡಿದೆ. 2.14ಕ್ಕೆ ಡಾಕ್ಟರ್ ಹೊರಳಿದ್ದಾರೆ. ಪೈಲಟ್ ಕೂಡ 2.14ಕ್ಕೇ. 3.40 — ಇಬ್ಬರೂ. ಎದೆಬಡಿತ 54... 54. ನಾಲ್ಕು ದಿನವೂ ಹಾಗೇ.
ಇಬ್ಬರೂ ಮಲಗುವ ಗೂಡು ಬೇರೆ ಬೇರೆ.

ನವೆಂಬರ್ 12
ಸರ್‌ಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳಲೇ ಇಲ್ಲ.
"ಯಂತ್ರ ಅಂದ್ಮೇಲೆ ಹೆಚ್ಚುಕಮ್ಮಿ ಇದ್ದೇ ಇರುತ್ತೆ. ಮೊಸರಲ್ಲಿ ಕಲ್ಲು ಹುಡುಕ್ಬೇಡಿ."

ನವೆಂಬರ್ 14, ಸಂಜೆ
ಡಾಕ್ಟರ್ ಜೊತೆ ವಾರದ ಐದು ನಿಮಿಷ. ರೆಕಾರ್ಡ್ ಆಗದ ಲೈನ್. ಬ್ಯಾಂಡ್ ಚರ್ಮಕ್ಕೆ ಉಜ್ಜುತ್ತಿದೆಯಾ ಎಂದು ವಿಚಾರಿಸುವುದಷ್ಟೇ ನನ್ನ ಪಾಲಿನದು. ವಿಚಾರಿಸಿದೆ.
"ಇಲ್ಲ ಅಕ್ಕ, ಎರಡೂ ಆರಾಮಾಗಿವೆ."
ಎರಡೂ.
ತಾನು ಹೇಳಿದ್ದು ಅವಳಿಗೂ ಕೇಳಿಸಿತು.
"ಪೈಲಟ್ ಎಷ್ಟು ಮಲಗ್ತಿದ್ದಾರೆ, ನಿಜ ಹೇಳು," ಎಂದೆ.
"ಒಂದು ಗಂಟೆ. ಒಂದೊಂದ್ ದಿನ ಅದೂ ಇಲ್ಲ. ಮಾತ್ರೆನೂ ಕೊಟ್ಟು ನೋಡ್ದೆ. ಪಂಪ್ ಬದಲಾಗದಿದ್ರೆ ನಿಲ್ದಾಣ ಬಿಟ್ಟು ಇಳೀಬೇಕು ಅಕ್ಕ, ಅವರ ಎಂಟು ವರ್ಷದ ತಯಾರಿ ನೀರಲ್ಲಿ ಹೋಮ. ಅದೊಂದು ಮುಗೀಲಿ. ನಾನೇ ಎಲ್ಲರಿಗೂ ಹೇಳ್ತೀನಿ."
ಐದು ನಿಮಿಷ ಮುಗಿಯಿತು. ಲೈನ್ ಕಟ್.
ಮನೆಗೆ ಬಂದರೆ ಅಮ್ಮ ಸೋಫಾದ ಮೇಲೆ ಬಾಯಿ ತೆರೆದು ಗೊರಕೆ. ಟಿವಿ ಅದರ ಪಾಡಿಗೆ ಅದು. ಚಪ್ಪಲಿಯನ್ನೂ ಬಿಡದೆ ಅವಳ ಎದೆ ಏರಿಳಿಯುವುದನ್ನೇ ನೋಡುತ್ತ ನಿಂತೆ.

ನವೆಂಬರ್ 17
ಸಹಿ ಹಾಕಿದೆ.

ನವೆಂಬರ್ 18, 11.05
ಪೈಲಟ್ ಹೊರಗೆ ಬಂದರು. ಇವತ್ತು ಬ್ಯಾಂಡ್ ಅವರದೇ ಕೈಯಲ್ಲಿ, ಸೂಟಿನೊಳಗೆ. ಎದೆಬಡಿತ 88. ಸರ್ ಎಲ್ಲರಿಗೂ ಬಿಸ್ಕತ್ತು ಹಂಚುತ್ತಿದ್ದಾರೆ.

12.10
ಹಳೆ ಪಂಪ್ ಬಿಚ್ಚಿದರು. ಹಾಲ್‌ನಲ್ಲಿ ಚಪ್ಪಾಳೆ.

12.32
ಕೈಯ ಚಲನೆ ಸೊನ್ನೆ. ಆರು ಸೆಕೆಂಡ್. ಸರಿಹೋಯಿತು. ಮತ್ತೆ ಸೊನ್ನೆ — ಹನ್ನೊಂದು. ಎದೆಬಡಿತ ಇಳಿಯುತ್ತಿದೆ, 70... 64... ಇದು ಕೆಲಸ ಮಾಡುವವನ ಗ್ರಾಫ್ ಅಲ್ಲ, ಇದು

ನವೆಂಬರ್ 25
ಬರೆದೇ ತೀರಬೇಕು.
ಸೂಟನ್ನು ನಿಲ್ದಾಣದ ಹೊರಗಿನ ಕಂಬಿಗೆ ಕಟ್ಟಿಡಲು ಎರಡು ಕೊಕ್ಕೆ. ಒಂದನ್ನು ಮುಂದಿನ ಕಂಬಿಗೆ ಸಿಕ್ಕಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಬೇಕು. ಅವರು ಎರಡನ್ನೂ ಬಿಚ್ಚಿದರು. ಹಾಗೇ ಕಣ್ಣು ಮುಚ್ಚಿತು. ನಾನು ಎದ್ದು ಕೂಗಿದಾಗ ಕಂಬಿಯಿಂದ ಮೂರಡಿ ದೂರ. ರೇಡಿಯೋದಲ್ಲಿ ಅವರನ್ನು ಕರೆದರು, ಕರೆದರು. ನಾಲ್ಕನೆಯ ಸಲಕ್ಕೆ ಓಗೊಟ್ಟರು.
"ನಾನು ಮಲಗಿದ್ನಾ?"
ಅಷ್ಟರಲ್ಲಿ ಹನ್ನೆರಡು ಅಡಿ. ಡಾಕ್ಟರ್ ಸೂಟು ಹಾಕಿ ಬಾಗಿಲು ತೆರೆಯುವಾಗ ಕಣ್ಣಿಗೇ ಕಾಣದಷ್ಟು. ಆಮ್ಲಜನಕ ಇನ್ನೂ ಐದು ಗಂಟೆಗಾಗುವಷ್ಟು ಇತ್ತು. ಆ ಐದು ಗಂಟೆ ಬರೆಯಲಾರೆ.
ಅವತ್ತೇ ಡಾಕ್ಟರ್ ಎಲ್ಲರೆದುರು ಒಪ್ಪಿಕೊಂಡಳು — ಎರಡು ಬ್ಯಾಂಡ್ ಕಟ್ಟಿಕೊಂಡು ಮಲಗುತ್ತಿದ್ದುದು ತಾನೇ ಎಂದು. ನನ್ನ ಹೆಸರು ಎತ್ತಲಿಲ್ಲ.
ಇಂದು ಪೈಲಟ್ ಹೆಂಡತಿ ಬಂದಿದ್ದಳು. ಬ್ಯಾಂಡಿನ ವಿಷಯ ಅವಳಿಗೆ ಇನ್ನೂ ಯಾರೂ ಹೇಳಿಲ್ಲ. ನನ್ನ ಕೈ ಹಿಡಿದುಕೊಂಡಳು. "ಕೊನೇ ಹತ್ತು ದಿನ ಆದ್ರೂ ಕಣ್ತುಂಬ ನಿದ್ದೆ ಮಾಡಿದ್ರಲ್ಲ ಅಕ್ಕ. ಅದೊಂದೇ ಸಮಾಧಾನ."
ಹೂಂ ಎಂದೆ.

ನವೆಂಬರ್ 28, ಬೆಳಿಗ್ಗೆ 10
ವಿಚಾರಣೆಯ ಫಾರಂ ಮೇಜಿನ ಮೇಲಿದೆ. ಪ್ರಶ್ನೆ ಒಂದೇ. ಒಬ್ಬರೇ ಎರಡು ಬ್ಯಾಂಡ್ ಕಟ್ಟುತ್ತಿದ್ದುದು ನಿಮಗೆ ಯಾವ ತಾರೀಖು ತಿಳಿಯಿತು? ಅಕ್ಷರದಲ್ಲಿ ಬರೆಯಿರಿ.
ಸರ್ ಬಾಗಿಲು ಮುಂದೆ ಮಾಡಿ ಬಂದರು. "ಹದಿನೆಂಟು ಅಂತ ಬರೀರಿ. ಅವಳು ಹೇಗೂ ಒಪ್ಕೊಂಡಾಗಿದೆ. ಮುಳುಗೋರ ಜೊತೆ ನಾವ್ಯಾಕೆ?"
ಹದಿನಾಲ್ಕು ಎಂದರೆ ನಾನು, ಸರ್, ಸಹಿ, ಎಲ್ಲವೂ ಹೊರಗೆ ಬರುತ್ತದೆ. ಗೊತ್ತಿದ್ದೂ ಸಹಿ ಹಾಕಿದೆ ಎಂಬುದು ಆಗ ಪೈಲಟ್ ಹೆಂಡತಿಗೂ ಗೊತ್ತಾಗುತ್ತದೆ. ಹದಿನೆಂಟು ಎಂದರೆ ಡಾಕ್ಟರ್ ಒಬ್ಬಳೇ.
ಮೊದಲು ಇಲ್ಲಿ ಬರೆದು ನೋಡುತ್ತೇನೆ. ಮೂರನೆಯ ಅಕ್ಷರದವರೆಗೂ ಎರಡೂ ಒಂದೇ. ನಕಾರಕ್ಕೆ ಇಳಿ ಕೊಟ್ಟರೆ ಒಂದು, ಏತ್ವ ಕೊಟ್ಟರೆ ಇನ್ನೊಂದು.
ಹದಿನ