ಹಕ್ಕರಿಕೆ ಸೊಪ್ಪಿನ ಚೀಲ

ಹಗರಿಬೊಮ್ಮನಹಳ್ಳಿ
ಭಾನುವಾರ

ಅವ್ವನಿಗೆ ಶರಣು,

ಫೋನಿನಲ್ಲಿ ಹೇಳಿದರೆ ಅಳುತ್ತೀ ಎಂದು, ನೀನು ಸೊಪ್ಪು ಕಳಿಸಿದ ಖಾಲಿ ಚೀಲದಲ್ಲೇ ಈ ಪತ್ರ ಇಟ್ಟು ಊರ ಬಸ್ಸಿಗೆ ಕೊಡುತ್ತಿದ್ದೇನೆ.

ನಿನ್ನ ಅಳಿಯ ಇನ್ನೂ ಆಸ್ಪತ್ರೆಯಲ್ಲೇ ಇದ್ದಾರೆ. ಭೇದಿ ನಿಂತರೂ ಜ್ವರ ಇಳಿದಿಲ್ಲ, ಇಂಜೆಕ್ಷನ್ ಬದಲಿಸಿ ಬದಲಿಸಿ ನೋಡುತ್ತಿದ್ದಾರೆ. ಹಸಿಯಾಗಿ ತಿಂದ ಸೊಪ್ಪಿನಿಂದ ಬಂದಿರಬಹುದಂತೆ. "ಚರಂಡಿ ನೀರಿನಾಗಿನ ಕ್ರಿಮಿಗೆ ನಮ್ಮ ಔಷಧ ರೂಢಿ ಆಗಿಬಿಟ್ಟೈತ್ರಿ" ಎಂದರು ಡಾಕ್ಟರು.

ಬಾಡಬಾರದೆಂದು ಹಕ್ಕರಿಕೆ ಕಟ್ಟನ್ನು ಬಸ್‌ಸ್ಟ್ಯಾಂಡಿನ ಹಿಂದಿನ, ಚರಂಡಿ ಸೇರುವ ಹಳ್ಳದಲ್ಲಿ ಅದ್ದಿ ಕಳಿಸುತ್ತೀಯಲ್ಲ, ಇನ್ನು ಅದ್ದಬೇಡ. ಬಾಡಿದ್ದೇ ಬರಲಿ, ಬೇಯಿಸಿಕೊಳ್ಳುತ್ತೇನೆ.

ಇವರಿಗೆ ಏನೂ ಹೇಳಿಲ್ಲ. ನಿನ್ನೆ ಗಂಜಿ ಕುಡಿಸುವಾಗ, "ಬಾಯಿ ಕೆಟ್ಟೈತಿ. ಈ ವಾರ ನಿಮ್ಮವ್ವ ಸೊಪ್ಪು ಕಳಿಸಿಲ್ಲೇನು?" ಎಂದು ಕೇಳಿದರು. ಬಸ್ಸು ತಪ್ಪಿತಂತೆ ಎಂದೆ.

ನಿನ್ನನ್ನು ಕೇಳಿದರೆ ನೀನೂ ಹಾಗೇ ಹೇಳು.

ನಿನ್ನ ಮಗಳು
ಶೈಲಾ