ಹಳದಿ ಲ್ಯಾಂಪ್ ವಾಪಸ್ ಬಂತು

ಮಹಾರಾಣೀ,

ಖುಷಿಯಾಯಿತಾ? ವಾರ್ಡನ್ ಇವತ್ತು ನಿನ್ನ ಹಳದಿ ಟೇಬಲ್ ಲ್ಯಾಂಪನ್ನು ತಂದು ನನ್ನ ಮಂಚದ ಮೇಲೆ ಕುಕ್ಕಿದರು. "ಬೆಳಕು ಕಣ್ಣಿಗೆ ಚುಚ್ಚುತ್ತೆ ಅಂತ ಕಂಪ್ಲೇಂಟ್ ಕೊಟ್ಟವಳು ನೀನೇ ತಾನೆ? ಅವಳು ಹಾಸ್ಟೆಲ್ ಬಿಟ್ಟೇ ಹೋದ್ಲು. ಇನ್ನು ನೀನೇ ಇಟ್ಕೋ," ಅಂದರು.

ಏನು ಕೊಬ್ಬು ನಿನಗೆ! ನಮ್ಮಿಬ್ಬರ ರೂಮಿನಲ್ಲಿ ಮೆತ್ತನೆಯ ಕಾಲೊರಸು, ನಾಲ್ಕು ದಿಂಬು, ಹೂವಿನ ಪರದೆ. "ಇದೇನು ರೂಮೋ, ಅರಮನೆಯೋ?" ಎಂದು ನಾನು ರೇಗಿದರೆ ಹಲ್ಲು ಕಿರಿಯುತ್ತಿದ್ದೆ. ವಾರ್ಡನ್ ಲ್ಯಾಂಪ್ ಕಿತ್ತುಕೊಂಡ ದಿನ ಮಾತ್ರ ತುಟಿ ಬಿಚ್ಚಲಿಲ್ಲ. ಯಾರ ಕೆಲಸವೆಂದು ಗೊತ್ತಿತ್ತಲ್ಲ? ಜುಟ್ಟು ಹಿಡಿದು ಜಗಳವಾಡಬೇಕಿತ್ತು. ಅದು ಬಿಟ್ಟು, ಪರದೆ ಒಗೆದು, ಇಸ್ತ್ರಿ ಮಾಡಿ, ನನಗೇ ಬಿಟ್ಟು ಹೋದೆ. ವಿಳಾಸ ಕೊಟ್ಟು ಹೋಗಲಿಲ್ಲ.

ಲ್ಯಾಂಪ್ ಹಚ್ಚಿದೆ. ನನ್ನ ಮಂಚದ ಕಡೆಗೆ ಬೆಳಕು ಬೀಳದಂತೆ ಅದಕ್ಕೆ ಒಂದು ರಟ್ಟು ಅಂಟಿಸಿದ್ದೀಯ. ಇದನ್ನು ಯಾವಾಗ ಅಂಟಿಸಿದೆ? ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೇ ನಿನಗೆ?