ಅಪ್ಪನ ಕೈನಡುಕದ ಮಾತ್ರೆ

೧೨ ಆಗಸ್ಟ್ ೨೦೨೫, ಮಂಗಳವಾರ

ಡಾಕ್ಟ್ರು ಹೇಳಿದ್ದು ಇನ್ನೂ ನಂಬೋಕಾಗ್ತಿಲ್ಲ. ಅಪ್ಪನ ಸೀರೆ ಖರೀದಿಗೆಲ್ಲ ಕಾರಣ ಕೈನಡುಕಕ್ಕೆ ಕೊಡ್ತಿರೋ ಮಾತ್ರೆಯಂತೆ! ಅದು ಮೆದುಳಲ್ಲಿ ಡೋಪಮಿನ್ ಅನ್ನೋ ರಾಸಾಯನಿಕದ ಥರ ಕೆಲಸ ಮಾಡಿ, ಕೆಲವರಿಗೆ ಕೊಳ್ಳೋ ಹುಚ್ಚು ಹಿಡಿಸುತ್ತಂತೆ. ಇವತ್ತಿಂದಲೇ ಅರ್ಧ ಮಾತ್ರೆ ಸಾಕು ಅಂದ್ರು.

ಸ್ವಭಾವದ ಹಿಂದೆ ರಾಸಾಯನಿಕ ಇರುತ್ತೆ ಅಂತ ಸೆಕೆಂಡ್ ಪಿಯು ಮಕ್ಕಳಿಗೆ ವರ್ಷಾ ವರ್ಷಾ ಪಾಠ ಮಾಡೋಳು ನಾನೇ. ನಮ್ಮನೇಲೇ ಇದ್ದದ್ದು ಕಾಣಲಿಲ್ಲ. ಸೈಕಾಲಜಿ ಲೆಕ್ಚರರ್ ಅಂತೆ, ಥೂ.

ಫ್ಯಾಕ್ಟರಿಯಿಂದ ರಿಟೈರ್ ಆಗೋವರೆಗೂ ಅಮ್ಮನಿಗೆ ಒಂದು ಮೊಳ ಹೂವು ತಂದವರಲ್ಲ ಅಪ್ಪ. ಈ ವರ್ಷ ದಿನಾ ಮಲ್ಲಿಗೆ. ವಾರ ವಾರ ಕಮರ್ಷಿಯಲ್ ಸ್ಟ್ರೀಟಿಗೆ ಕರ್ಕೊಂಡು ಹೋಗಿ ಸೀರೆ, ಬಳೆ, ಮತ್ತೆ ಸೀರೆ. ಬೀರು ಬಾಗಿಲು ಮುಚ್ಚೋಕಾಗಲ್ಲ. ವಯಸ್ಸಾದ್ಮೇಲೆ ಪ್ರೀತಿ ಉಕ್ತಾ ಇದೆ ಅಂತ ನಾವು ರೇಗಿಸಿದ್ರೆ ಅಮ್ಮ ನಾಚ್ಕೊಳ್ತಿದ್ಲು.

ಆಟೋದಲ್ಲಿ ಹಲಸೂರು ಕೆರೆ ದಾಟಿ ಜೋಗುಪಾಳ್ಯ ಸೇರಿದ್ವಿ. ಮನೇಲಿ, ಅಪ್ಪ ಒಳಗೆ ಹೋದ್ಮೇಲೆ ಅಮ್ಮ ಮೆಲ್ಲಗೆ ಕೇಳಿದ್ಲು: "ಹಂಗಾದ್ರೆ ಆ ಹೂವೂ ಮಾತ್ರೆಯೇ ತಂದಿದ್ದಾ ವಿಭಾ?"

 

ಊಟ ಆದ್ಮೇಲೆ ಅಡುಗೆಮನೆಗೆ ಹೋದೆ. ನಾನು ಮುರಿದಿಟ್ಟಿದ್ದ ಅರ್ಧ ಮಾತ್ರೆ ತಟ್ಟೇಲೇ ಇತ್ತು. ಅಮ್ಮ ಅಂಗೈಲಿ ಇಡೀ ಮಾತ್ರೆ ಇಟ್ಕೊಂಡು, ನೀರಿನ ಲೋಟ ಹಿಡ್ಕೊಂಡು ಅಪ್ಪನ ರೂಮಿಗೆ ಹೊರಟಿದ್ಲು. ನನ್ನ ನೋಡಿ ನಿಂತ್ಲು.

"ನಾಳೆಯಿಂದ ಅರ್ಧ ಕೊಡ್ತೀನಿ ಕಣೆ."

ತಡೀಬೇಕಿತ್ತು. ನಾನು ಬಾಗಿಲಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.